ಭೀಮವ್ವ ಹೊತ್ತ ಬ್ಯಾಟರಿ

ನನ್ನ ನೆಗೆಣ್ಣಿ ಭೀಮವ್ವನಿಗೆ ತೂತಿಲ್ಲದ ಸೀರೆ ಒಂದೂ ಇರಲಿಲ್ಲ. ಎಲ್ಲ ತೂತುಗಳೂ ಬಲ ಹೆಗಲಿನ ಮೇಲೆಯೇ. ಜೋಳದ ಕಾಳಿನಷ್ಟು ಒಂದು, ರೂಪಾಯಿ ಅಗಲದ್ದು ಇನ್ನೊಂದು. ಹಬ್ಬಕ್ಕೆಂದು ಇಟ್ಟ ಇಳಕಲ್ ಸೀರೆಯನ್ನೂ ಬಿಟ್ಟಿರಲಿಲ್ಲ. ಇಲಿ ಕಡಿದದ್ದಲ್ಲ, ಒಲೆಯ ಕಿಡಿ ಹಾರಿದ್ದೂ ಅಲ್ಲ. ಬ್ಯಾಟರಿಯ ಆಸಿಡ್ ಸುಟ್ಟದ್ದು. ಮದುವೆ ಮನೆಗಳಲ್ಲಿ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ನನಗೇ ತಡೆಯಲಾಗದೆ ಒಂದು ದಿನ ಸೂಜಿ ದಾರ ಹಿಡಿದು ಅವಳ ಮುಂದೆ ಕೂತೆ.

"ಹೊಲಿಬ್ಯಾಡ ಸಕ್ಕು, ಇರ್ಲಿ. ನೋಡೋರು ನೋಡ್ಲಿ," ಎಂದಳು.

ನಗುತ್ತಿದ್ದ ಅದೇ ಹೆಂಗಸರು ಈಗ "ಭೀಮವ್ವ ಅಂದ್ರ ಭಾರಿ ಧೈರ್ಯದಾಕಿ" ಎಂದು ಮೊಮ್ಮಕ್ಕಳಿಗೆ ಹೇಳುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಆಗ ಎಲ್ಲಿ ಹೋಗಿತ್ತಮ್ಮ ಈ ಬಾಯಿ? ಅದಕ್ಕೇ ನಡೆದದ್ದನ್ನು ನಡೆದ ಹಾಗೆ ನಾನೇ ಹೇಳುತ್ತೇನೆ. ಅವಳ ಗಂಡ ಧರ್ಮಣ್ಣ ಅಣ್ಣ, ನನ್ನ ಗಂಡ ತಮ್ಮ. ಒಂದೇ ಮನೆಯಲ್ಲಿ ಎರಡು ಒಲೆ. ಅವಳ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ನನಗೆ ವಾಸನೆಯಿಂದಲೇ ತಿಳಿಯುತ್ತಿತ್ತು.

ನಮ್ಮ ಊರು ಝರಾಸಂಗಂದ ಆಚೆ, ಬಸ್ಸು ನಿಲ್ಲುವ ಹುಣಸೆ ಮರದಿಂದ ಒಳಗೆ. ಆಗ ಆಂಧ್ರ ಸರ್ಕಾರ ಬಂದು ಹದಿನೆಂಟು ವರ್ಷವಾಗಿದ್ದರೂ ನಮ್ಮೂರಿಗೆ ಕರೆಂಟು ಬಂದಿರಲಿಲ್ಲ. ಕುರಿ, ಜೋಳ, ತೊಗರಿ, ಇಷ್ಟೇ ಬದುಕು. ನಮ್ಮ ಮನೆತನಕ್ಕೆ ಇನ್ನೊಂದಿತ್ತು, ಕತ್ತರಿ ಹಕ್ಕು. ಸುತ್ತಲಿನ ಹಟ್ಟಿಗಳ ಕುರಿ ಉಣ್ಣೆ ಕತ್ತರಿಸುವ ಕೆಲಸ ಅಜ್ಜನ ಕಾಲದಿಂದ ನಮ್ಮದು. ವರ್ಷಕ್ಕೆ ಎರಡು ಸಲ ಕತ್ತರಿ. ಕೆಲಸ ಮುಗಿದ ಸಂಜೆ ಕುರಿಯ ಯಜಮಾನ ಕತ್ತರಿಸಿದವನ ಕೈಗೆ ವೀಳ್ಯ, ತೆಂಗಿನಕಾಯಿ ಕೊಡುತ್ತಾನೆ. ಯಾರ ಕೈ ಅದನ್ನು ಹಿಡಿಯಿತೋ ಮುಂದಿನ ಕತ್ತರಿ ಅವರದೇ. ಒಮ್ಮೆ ಬೇರೆ ಕೈಗೆ ಹೋದರೆ ಹೋಯಿತು, ಮರಳಿ ಬರುವುದಿಲ್ಲ. ನಮ್ಮ ಅರ್ಧ ಅನ್ನ ಅದರಿಂದಲೇ ಬರುತ್ತಿತ್ತು, ಮರ್ಯಾದೆಯಂತೂ ಪೂರ್ತಿ ಅದರಿಂದಲೇ.

ಇದಕ್ಕೆ ಕಟ್ಟಳೆಗಳೂ ಇದ್ದವು. ಹೆಂಗಸು ಉಣ್ಣೆ ಹಿಂಜಬೇಕು, ನೂಲಬೇಕು, ಕತ್ತರಿ ಮುಟ್ಟಬಾರದು. ಇನ್ನೊಂದು, ಶುರು ಮಾಡಿದ ಹಿಂಡು ಆ ದಿನವೇ ಮುಗಿಯಬೇಕು, ಒಬ್ಬರು ಹಿಡಿದ ಕುರಿಯನ್ನು ಅವರೇ ಮುಗಿಸಬೇಕು. ಬೋಳು ಕುರಿ, ಉಣ್ಣೆಯ ಕುರಿ ಎರಡೂ ಒಂದೇ ಹಟ್ಟಿಯಲ್ಲಿ ರಾತ್ರಿ ಕಳೆಯಬಾರದು, ಕಳೆದರೆ ಹಿಂಡಿಗೆ ರೋಗ. ಹೀಗೆಂದು ಯಾರು ಕಂಡು ಬಂದಿದ್ದರೋ ಗೊತ್ತಿಲ್ಲ. ಆದರೆ ಇದನ್ನು ಮೀರಿದವರನ್ನು ನಾನು ಕಂಡಿರಲಿಲ್ಲ.

ಆ ಬೇಸಿಗೆಯಲ್ಲಿ ಬಂಡಿಯ ಗಾಲಿ ಧರ್ಮಣ್ಣನ ಬಲಗೈ ಮೇಲೆ ಹರಿಯಿತು. ಕೈ ಉಳಿಯಿತು, ಬೆರಳು ಮುದುಡಿ ಹೋದವು. ಎಡಗೈಯಲ್ಲಿ ಕತ್ತರಿ ಹಿಡಿದು ನೋಡಿದ. ಮೊದಲ ಕುರಿಗೇ ಗಾಯ ಮಾಡಿದ, ಎರಡನೆಯದನ್ನು ಮುಟ್ಟಲಿಲ್ಲ. ಆದರೂ ದಿನಾ ಬೆಳಿಗ್ಗೆ ಎದ್ದು ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದ. ಅದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು.

ಸಂತಾಪ ಹೇಳಲು ಕಲ್ಯಾಣಪ್ಪ ಬಂದ. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಹಿಂಡು ಅವನದು. ಕುರಿಗಾರರ ಸಂಘಕ್ಕೂ ಅವನೇ ಹಿರಿಯ. ಅವನ ಅಳಿಯ ಬೊಮ್ರಾಸಪೇಟೆಯವನು, ಕತ್ತರಿಯಲ್ಲಿ ಚುರುಕು ಎಂದು ಹೆಸರು. ಅದು ತಿಳಿದಿದ್ದ ನನಗೆ ಕಲ್ಯಾಣಪ್ಪ ಕಾಲಿನ ಜೋಡು ಬಿಡುವಾಗಲೇ ಏನು ಹೇಳುತ್ತಾನೆಂದು ಗೊತ್ತಾಗಿತ್ತು.

"ನಿನ್ನ ಹಕ್ಕು ಕಸಗೊಳ್ಳಾಕ ನನಗ ಮನಸ್ಸಿಲ್ಲ, ಧರ್ಮಣ್ಣ," ಎಂದ. "ಆದ್ರ ಕುರಿ ಮೈಮ್ಯಾಲ ಉಣ್ಣೆ ಬೆಳಿಯೋದು ನಿಲ್ಲಂಗಿಲ್ಲ ನೋಡು. ದೀಪಾವಳಿ ಮುಂಚಿನ ಕತ್ತರಿಗಿ ನಿನ್ನ ಮನಿಯಿಂದ ಯಾರೂ ಬರ್ಲಿಲ್ಲಂದ್ರ ವೀಳ್ಯಾ ನಮ್ಮ ಅಳಿಯಗ ಕೊಡಬೇಕಾತದ."

ಧರ್ಮಣ್ಣ ತಲೆ ತಗ್ಗಿಸಿದ. ನನ್ನ ಗಂಡನೋ ಕುರಿ ಕಂಡರೆ ಸೀನುವ ಮನುಷ್ಯ, ಹೊಲ ಬಿಟ್ಟು ಬೇರೆ ಗೊತ್ತಿಲ್ಲ. ಒಳಗಿನಿಂದ ಭೀಮವ್ವ ಹೊರಗೆ ಬಂದಳು.

"ಬರ್ತೀವ್ರಿ," ಎಂದಳು.

"ಯಾರು ಬರ್ತೀರಿ?"

"ನಿಮ್ಮ ಕೊಟಗಿದಾಗ ಜೋತು ಬಿದ್ದದಲ್ರಿ, ಆ ಮಷೀನು. ಅದನ್ನ ಕೊಡ್ರಿ. ನಾ ಕತ್ತರಸ್ತೀನಿ."

ಕಲ್ಯಾಣಪ್ಪ ನಕ್ಕ ನಗುವಿಗೆ ಗೂಟದ ಟಗರು ಹೆದರಿ ಹಗ್ಗ ಜಗ್ಗಿತು.

ಆ ಮಷೀನಿನ ಕಥೆ ಹೇಳಬೇಕು. ಹಿಂದಿನ ವರ್ಷ ಉಣ್ಣೆ ಸುಧಾರಣೆಯ ಯೋಜನೆಯಲ್ಲಿ ಸಂಘಕ್ಕೆ ಬಂದದ್ದು. ಅಂಗೈಯಲ್ಲಿ ಹಿಡಿಯುವ ಮೋಟರು, ಅದರ ಬಾಯಿಗೆ ಬಾಚಣಿಗೆಯಂಥ ಹಲ್ಲು. ಗೋಡೆಯ ಕರೆಂಟು ಬೇಕಿಲ್ಲ. ಲಾರಿಯದ್ದರಂಥ ಒಂದು ಬ್ಯಾಟರಿಗೆ ಅದರ ತಂತಿಯ ಎರಡು ಚಿಮಟಿಗೆ ಕಚ್ಚಿಸಿದರೆ ಅಡವಿಯ ಹಟ್ಟಿಯಲ್ಲೂ ಗುಂಯ್ ಎಂದು ಓಡುತ್ತಿತ್ತು. ಊರಿಗೆ ಊರೇ ನೋಡಲು ಬಂದಿತ್ತು. ಧರ್ಮಣ್ಣನ ಕೈಯಲ್ಲೇ ಒಂದು ಹಂಗಾಮು ಓಡಿತು, ಸತ್ತಿತು. ಕಲ್ಯಾಣಪ್ಪ ಅದನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿ, ಸರ್ಕಾರದ ಮಾಲು ಖರಾಬ್ ಎಂದು ಡಂಗುರ ಸಾರಿಕೊಂಡು ತಿರುಗಿದ.

"ಒಯ್ಯವ್ವ, ಒಯ್ಯಿ," ಎಂದ ಈಗ. "ಸತ್ತ ಮಷೀನು, ಹೊತ್ಕೊಂಡು ತಿರಗು. ಆದ್ರ ಒಂದು ಮಾತು. ಮೊದಲು ನನ್ನ ಹಿಂಡು. ಶುರು ಮಾಡಿದ ದಿನಾನೇ ಮುಗಿಬೇಕು. ಒಂದು ಕುರಿ ಉಳೀತಂದ್ರ ವೀಳ್ಯಾ ಅಳಿಯಗ."

"ಆತ್ರಿ," ಎಂದಳು ಭೀಮವ್ವ. ಅವಳು ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ನನಗೆ ಸಿಟ್ಟು ಬಂತು.

ಮರುದಿನವೇ ಬ್ಯಾಟರಿ ಹೊರಿಸಿಕೊಂಡು ಹುಣಸೆ ಮರದ ಕೆಳಗೆ ಬಂದೆವು. ಜಹೀರಾಬಾದಿನಲ್ಲಿ ಬೊಂಬಾಯಿ ರಸ್ತೆಯ ಬದಿಗೆ ಪೀರಪ್ಪನೆಂಬವನು ಲಾರಿ ಬ್ಯಾಟರಿ ಚಾರ್ಜ್ ಮಾಡುತ್ತಾನೆಂದು ಕೇಳಿದ್ದಳು. ಬಸ್ಸು ಬಂತು. ಕಂಡಕ್ಟರ್ ಬ್ಯಾಟರಿ ನೋಡಿ ಬಾಗಿಲಿಗೆ ಅಡ್ಡ ನಿಂತ. ಆಸಿಡ್ ಚೆಲ್ಲಿದರೆ ಪ್ರಯಾಣಿಕರ ಗತಿಯೇನು ಎಂದ. ಅವನು ಹೇಳಿದ್ದು ಸುಳ್ಳಲ್ಲ. ಬಸ್ಸು ಹೋಯಿತು.

"ನಡಿ ಮನಿಗಿ," ಎಂದೆ.

ಅವಳು ಹಳೆಯ ಸೀರೆಯ ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡಳು. "ಎತ್ತು," ಎಂದಳು. ಎತ್ತಿದೆ. ಒಬ್ಬ ಗಂಡಸು ತಿಣುಕುವಷ್ಟು ಭಾರ. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದವು. ದಾರಿಯಲ್ಲಿ ಅಲ್ಲಲ್ಲಿ ಇಳಿಸಿಕೊಂಡು ನಡೆದಳು. ಒಮ್ಮೊಮ್ಮೆ ನಾನು ಹೊರುತ್ತೇನೆಂದರೆ, "ನಿನ್ನ ಸೀರಿ ಹೊಸದದ, ಸುಮ್ಮಕಿರು" ಎಂದಳು. ಮುಚ್ಚಳದ ಸಂದಿಯಿಂದ ಜಿನುಗಿದ ಹನಿ ಸಿಂಬಿ ತೋಯಿಸಿ ಹೆಗಲಿಗೆ ಇಳಿದದ್ದು ನಮಗೆ ತಿಳಿಯಲೇ ಇಲ್ಲ. ಜಹೀರಾಬಾದು ಮುಟ್ಟುವ ಹೊತ್ತಿಗೆ ಸೀರೆ ಜಾಳಿಗೆಯಾಗಿ ಒಳಗಿನ ಚರ್ಮ ಕೆಂಪಗೆ ಕಾಣುತ್ತಿತ್ತು. ಅವೇ ಮೊದಲ ತೂತುಗಳು.

ಪೀರಪ್ಪ ಮೊದಲು ಬೈದ. ಆಮೇಲೆ ಸೋಡಾ ಪುಡಿ ಕಲಸಿದ ನೀರು ಅವಳ ಹೆಗಲಿಗೆ ಸುರಿದ. ಆಮೇಲೆ ಬ್ಯಾಟರಿಯ ಮುಚ್ಚಳ ಬಿಚ್ಚಿ ಒಳಗೆ ನೋಡಿ ಮತ್ತೆ ಬೈದ.

"ಇದರಾಗ ಯಾವ ನೀರು ಹಾಕೀರಿ?"

ನಾವಿಬ್ಬರೂ ಮುಖ ನೋಡಿಕೊಂಡೆವು. ಇಡೀ ಊರಿಗೆ ಗೊತ್ತಿದ್ದ ಮಾತು. ಬ್ಯಾಟರಿಗೆ ಶುದ್ಧ ನೀರೇ ಹಾಕಬೇಕೆಂದು ಮಷೀನು ತಂದವರು ಹೇಳಿದ್ದರು. ಕಲ್ಯಾಣಪ್ಪ ಸೋಮವಾರ ಮಡಿಯುಟ್ಟು ಝರಾಸಂಗಂ ಗುಡಿಯ ಹೊಂಡದಿಂದ ತೀರ್ಥ ತಂದು, ಕೈಮುಗಿದು ಹಾಕಿದ್ದ. ನಮ್ಮ ಸೀಮೆಯಲ್ಲಿ ಅದಕ್ಕಿಂತ ಶುದ್ಧ ನೀರು ಇನ್ನಾವುದು? ಭೀಮವ್ವ ಇದ್ದುದನ್ನು ಇದ್ದ ಹಾಗೆ ಹೇಳಿದಳು. ಪೀರಪ್ಪ ನಗಲಿಲ್ಲ, ಹಣೆ ಚಚ್ಚಿಕೊಂಡ.

"ಅದು ತಲಿಗಿ ಹಾಕ್ಕೊಳ್ಳೋ ನೀರವ್ವ. ನೆಲದಾಗಿಂದ ಬಂದ ನೀರಿನಾಗ ಸುಣ್ಣ, ಉಪ್ಪು ಇರ್ತದ. ಇದಕ್ಕ ಬಟ್ಟಿ ಇಳಿಸಿದ ನೀರು ಬೇಕು," ಎಂದ. "ಇನ್ನ, ಇದನ್ನ ಪೂರಾ ದಮ್ ಹೋಗೋತನಕ ಓಡಿಸಿ, ಹಂಗಾ ಮೂಲ್ಯಾಗ ಒಗದೀರೇನು?"

ಅದೂ ಹೌದು. ಹಿಂಡು ಅದೇ ದಿನ ಮುಗಿಯಬೇಕೆಂಬ ಕಟ್ಟಳೆ ಇತ್ತಲ್ಲ. ಸಂಜೆ ಮಷೀನಿನ ದನಿ ಕುಗ್ಗಿ ಗೊರಗೊರ ಎಂದರೂ ಕೊನೆಯ ಕುರಿಯವರೆಗೆ ಎಳೆದಾಡಿಸಿ, ಮುಂದಿನ ಹಟ್ಟಿಯ ಪಾಳಿ ಬರುವ ತನಕ ಖಾಲಿ ಬ್ಯಾಟರಿಯನ್ನು ಮೂಲೆಗೆ ಇಡುತ್ತಿದ್ದರು. ಎತ್ತು ದಣಿದರೆ ನೊಗ ಇಳಿಸುವ ಜನ ನಾವು. ಬ್ಯಾಟರಿಗೂ ದಣಿವುಂಟೆಂದು ಯಾರಿಗೂ ಹೊಳೆದಿರಲಿಲ್ಲ.

ಒಳಗಿನ ಪ್ಲೇಟು ಬದಲಿಸಬೇಕೆಂದ ಪೀರಪ್ಪ. ಭೀಮವ್ವ ಎರಡು ಚಳಿಗಾಲ ನೂತು ನೇಯಿಸಿಟ್ಟುಕೊಂಡಿದ್ದ ಕರಿ ಕಂಬಳಿಯನ್ನು ಮುಂದಿನ ವಾರ ತಂದು ಅವನ ಮುಂದೆ ಹಾಸಿದಳು. ಅವನು ಕಂಬಳಿ ಮುಟ್ಟಿ ನೋಡಿ ಒಪ್ಪಿದ. ಮಳೆಗಾಲವೆಲ್ಲ ಅವಳು ಅವನ ಅಂಗಡಿಗೆ ಓಡಾಡಿದಳು, ಪ್ರತಿ ಸಲವೂ ಹೊತ್ತುಕೊಂಡೇ. ಅಂಗಡಿಯಲ್ಲಿ ಲಾರಿ ಡ್ರೈವರುಗಳು ಕಣ್ಣು ಹೊಡೆದರೆ ತಿರುಗಿ ನೋಡಿ, "ಏನ್ ಬೇಕಪ್ಪ?" ಎಂದು ಜೋರಾಗಿ ಕೇಳುತ್ತಿದ್ದಳು. ಅವರು ಬೀಡಿ ಆರಿಸಿ ಹೊರಗೆ ಹೋಗುತ್ತಿದ್ದರು. ಬೀಡಿ ಆರಿಸಬೇಕೆಂಬುದು ಅಂಗಡಿಯ ನಿಯಮವೂ ಹೌದು. ಚಾರ್ಜಿಗೆ ಇಟ್ಟ ಬ್ಯಾಟರಿಯಿಂದ ಏಳುವ ಗಾಳಿಗೆ ಕಿಡಿ ಸೋಕಿದರೆ ಸಿಡಿಯುತ್ತದೆ.

ಕಲಿತದ್ದನ್ನೆಲ್ಲ ಮನೆಗೆ ಬಂದು ನನಗೆ ಒಪ್ಪಿಸುತ್ತಿದ್ದಳು. ನೀರು ಪ್ಲೇಟು ಮುಳುಗುವಷ್ಟೇ ಇರಬೇಕು, ತುಳುಕಬಾರದು. ಪೀರಪ್ಪನಿಂದ ತಂದ ಗಾಜಿನ ನಳಿಗೆಯಲ್ಲಿ ಬ್ಯಾಟರಿಯ ಒಳಗಿನ ನೀರು ಎಳೆದರೆ ನಳಿಗೆಯಲ್ಲಿನ ತೇಲುಗಡ್ಡೆ ಹಸಿರು ಪಟ್ಟಿಯಲ್ಲಿ ನಿಲ್ಲಬೇಕು, ಆಗ ಬ್ಯಾಟರಿ ತುಂಬಿದೆ ಎಂದು ಅರ್ಥ. ಕೆಂಪಿಗೆ ಇಳಿಯುವ ಮುಂಚೆ ಕೆಲಸ ನಿಲ್ಲಿಸಬೇಕು. ಇಳಿದ ಬ್ಯಾಟರಿಯನ್ನು ಅಂದೇ ಚಾರ್ಜಿಗೆ ಒಯ್ಯಬೇಕು. ಚಿಮಟಿಗೆ ಕಚ್ಚುವ ಸೀಸದ ಮೊಳೆಗಳಿಗೆ ಬಿಳಿ ಬೂಸಲು ಹಿಡಿಯದ ಹಾಗೆ ಪೀರಪ್ಪ ಡಬ್ಬಿಯ ಮುಲಾಮು ಹಚ್ಚುತ್ತಿದ್ದ. ಭೀಮವ್ವ ಉಣ್ಣೆ ಕುದಿಸಿ ತೆಗೆದ ಜಿಡ್ಡನ್ನೇ ಹಚ್ಚಿದಳು. ನಮ್ಮ ಅತ್ತೆ ಕಾಲು ಒಡೆದರೆ ಹಚ್ಚುತ್ತಿದ್ದುದು ಅದೇ. ಬೂಸಲು ಹತ್ತಿರ ಸುಳಿಯಲಿಲ್ಲ.

ಕತ್ತರಿಸುವುದನ್ನು ನಮ್ಮ ಮನೆಯ ನಾಲ್ಕು ಕುರಿಗಳ ಮೇಲೆ ಕಲಿತಳು. ಮೊದಲ ಕುರಿ ಇಲಿ ತಿಂದ ಕಂಬಳಿಯ ಹಾಗಾಯಿತು. ಧರ್ಮಣ್ಣ ಕಟ್ಟೆಯ ಮೇಲೆ ಕೂತು ಮುಖ ತಿರುಗಿಸಿಕೊಂಡಿದ್ದ.

"ಜನ ಏನಂದಾರು?" ಎಂದ ಒಮ್ಮೆ.

"ನಿಮ್ಮ ಜನ ವೀಳ್ಯಾ ಒಯ್ಯಾಕ ಬಂದಾಗ ಏನಂದ್ರಿ ನೀವು?" ಎಂದಳು ಭೀಮವ್ವ. ಅವನು ಎದ್ದು ಹೋದ. ಅಂದು ಅವನು ಊಟ ಮಾಡಲಿಲ್ಲ. ಅವಳೂ ಮಾಡಲಿಲ್ಲ. ನನ್ನ ಒಲೆಯ ರೊಟ್ಟಿ ಯಾರಿಗೂ ಬೇಡವಾಯಿತು.

ದೀಪಾವಳಿಯ ಮುಂಚಿನ ಕತ್ತರಿಯ ದಿನ ಬಂತು. ಹಿಂದಿನ ದಿನವಷ್ಟೇ ತುಂಬಿಸಿ ತಂದಿದ್ದ ಬ್ಯಾಟರಿಯನ್ನು ಕಲ್ಯಾಣಪ್ಪನ ಹಟ್ಟಿಯ ನೆರಳಿನಲ್ಲಿಟ್ಟೆವು. ಹೆಂಗಸು ಮಷೀನು ಹಿಡಿಯಬಾರದೆಂದು ಯಾರೂ ಎನ್ನಲಿಲ್ಲ. ಹಿರಿಯರು ಮಷೀನು ಕಂಡಿರಲಿಲ್ಲ. ಕಂಡಿದ್ದರೆ ಅದಕ್ಕೂ ಒಂದು ಕಟ್ಟಳೆ ಹಾಕಿಯೇ ಸಾಯುತ್ತಿದ್ದರು.

ಹಟ್ಟಿಯೊಳಗೆ ಕಣ್ಣು ಹಾಯಿಸಿದೆ. ಅರ್ಧಕ್ಕರ್ಧ ಕುರಿಗಳ ಕಿವಿಯಲ್ಲಿ ಬೇರೆ ಗುರುತು. ಕಲ್ಯಾಣಪ್ಪ ತನ್ನ ತಮ್ಮನ ಹಿಂಡನ್ನೂ ಬೆಳಗಾಗುವುದರೊಳಗೆ ತಂದು ಸೇರಿಸಿಬಿಟ್ಟಿದ್ದ. ಅವನ ಅಳಿಯ ಹೊಸ ಧೋತರ ಉಟ್ಟು, ಹೊಳೆಯುವ ಕತ್ತರಿ ಮಡಿಲಲ್ಲಿಟ್ಟುಕೊಂಡು ಬೇವಿನ ಕೆಳಗೆ ಕೂತಿದ್ದ.

"ಇದು ಮೋಸ," ಎಂದು ನಾನು ಕೂಗಿದೆ. "ನಿಮ್ಮ ಹಿಂಡು ಅಂದಿದ್ರಿ, ನಿಮ್ಮ ತಮ್ಮಂದು ಯಾಕ ಬಂತು?"

"ಒಂದೇ ಹಟ್ಟಿ, ಒಂದೇ ಹಿಂಡು," ಎಂದ ಕಲ್ಯಾಣಪ್ಪ, ಮೀಸೆಯಲ್ಲೇ ನಗುತ್ತ. "ಒಲ್ಲೆ ಅಂದ್ರ ಈಗೇ ಹೇಳ್ರಿ."

ಭೀಮವ್ವ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು. "ಮೊದಲ ಕುರಿ ಹಿಡಿ," ಎಂದಳು, ಅಷ್ಟೇ.

ನಾನು ಕಾಲು ಹಿಡಿಯುವುದು, ಅವಳು ಕತ್ತರಿಸುವುದು. ಮಷೀನು ಗುಂಯ್ ಎಂದಿತು. ಉಣ್ಣೆ ಒಂದೇ ಹಾಳೆಯ ಹಾಗೆ ಬಿಚ್ಚಿಕೊಂಡು ಬೀಳುತ್ತಿತ್ತು. ಹಲ್ಲು ಬಿಸಿಯಾದರೆ ನಿಲ್ಲಿಸಿ ಎಣ್ಣೆ ಬಿಡುತ್ತಿದ್ದಳು. ಆಗಾಗ ಎದ್ದು ನಳಿಗೆಯಲ್ಲಿ ನೀರು ಎಳೆದು ತೇಲುಗಡ್ಡೆ ನೋಡುತ್ತಿದ್ದಳು. ನೋಡಲು ಬಂದ ಜನ ಮೊದಲು ನಕ್ಕರು, ಆಮೇಲೆ ಬೋಳಾದ ಕುರಿ ಎಣಿಸತೊಡಗಿದರು, ಮಧ್ಯಾಹ್ನದ ಹೊತ್ತಿಗೆ ಅಳಿಯ ಬೇವಿನ ಕೆಳಗಿಂದ ಎದ್ದು ಹತ್ತಿರ ಬಂದು ನಿಂತ.

ಹೊತ್ತು ಇಳಿಯಿತು. ಹಟ್ಟಿಯಲ್ಲಿ ಕೆಲವೇ ಕುರಿ ಉಳಿದಿದ್ದವು. ಅವುಗಳ ನಡುವೆ ಕಲ್ಯಾಣಪ್ಪನ ಗಂಟೆ ಟಗರು, ಹಿಂಡಿನ ಮುಂದಾಳು. ಆಗ ಮಷೀನಿನ ದನಿ ಸಣ್ಣಗೆ ಕುಗ್ಗಿತು. ನನಗೂ ಕೇಳಿಸಿತು. ಅವಳು ನಳಿಗೆ ಹಾಕಿ ನೋಡಿದಳು. ಗಡ್ಡೆ ಕೆಂಪಿನ ಅಂಚಿಗೆ ಬಂದಿತ್ತು.

ಕೈಯಲ್ಲಿದ್ದ ಕುರಿಯನ್ನು ಮುಗಿಸಿ, ಎರಡೂ ಚಿಮಟಿಗೆ ಬಿಚ್ಚಿಬಿಟ್ಟಳು.

"ಯಾಕ ನಿಲ್ಲಿಸಿದಿ?" ಎಂದ ಕಲ್ಯಾಣಪ್ಪ. "ಇನ್ನೂ ಓಡ್ತದಲ್ಲ. ಓಡಿಸು. ನಾವು ಪೂರಾ ಖಾಲಿ ಆಗೋತನಕ ಓಡಿಸ್ತಿದ್ವಿ."

"ಅದಕ್ಕೇ ಸತ್ತಿದ್ದು," ಎಂದಳು. "ಇವತ್ತು ನಿಮ್ಮ ನಾಕು ಕುರಿಗಿ ಇದನ್ನ ಕೊಲ್ಲಂಗಿಲ್ಲ. ಉಳದ ಹಟ್ಟಿ ಕುರಿ ಎಲ್ಲಾ ಇದ್ರಾಗೇ ಮಾಡಬೇಕು ನಾ."

"ಹಂಗಾದ್ರ ಸೋತಿ."

ಜನ ಗುಜುಗುಜು ಎಂದರು. ಅಳಿಯ ಕತ್ತರಿ ಕೈಗೆ ತೆಗೆದುಕೊಂಡ. ನನಗೆ ಅಳು ಬಂತು. ಅಷ್ಟು ದೂರ ತಲೆಯ ಮೇಲೆ ಹೊತ್ತದ್ದು, ಹೆಗಲು ಸುಟ್ಟುಕೊಂಡದ್ದು, ಎಲ್ಲ ಈ ನಾಲ್ಕು ಕುರಿಯ ಮುಂದೆ ನೀರುಪಾಲಾಯಿತೇ ಎಂದು. ಇನ್ನೊಂದಿಷ್ಟು ಓಡಿಸೇ ಎಂದು ನಾನೂ ಅವಳ ಕಿವಿಯಲ್ಲಿ ಬೇಡಿಕೊಂಡೆ. ಅವಳು ಕೇಳಲಿಲ್ಲ.

ನೇರ ಗಂಡನ ಮುಂದೆ ಹೋಗಿ ನಿಂತಳು. ಧರ್ಮಣ್ಣ ಬೆಳಗಿನಿಂದ ಬೇಲಿಗೆ ಒರಗಿಯೇ ನಿಂತಿದ್ದ. ಅವಳು ಅವನ ಸೊಂಟದ ಕತ್ತರಿಯ ಕಡೆ ಕೈ ಚಾಚಿದಳು.

"ಏ, ಹೆಂಗಸು ಕತ್ರಿ ಮುಟ್ಟಬಾರ್ದು!" ಎಂದು ಕಲ್ಯಾಣಪ್ಪ ಗುಡುಗಿದ.

ಧರ್ಮಣ್ಣ ಎಡಗೈಯಿಂದ ಸೊಂಟದ ಕತ್ತರಿ ಎಳೆದ. ಅದನ್ನು ನೋಡಿದ. ಹೆಂಡತಿಯ ಹೆಗಲಿನ ಸುಟ್ಟ ಗಾಯ ನೋಡಿದ. ಅವಳ ಅಂಗೈಯಲ್ಲಿ ಕತ್ತರಿ ಇಟ್ಟ.

"ಚರ್ಮ ಎಳದು ಹಿಡಿ," ಎಂದ. "ತುದಿ ಮ್ಯಾಲ ಇರ್ಲಿ. ಅವಸರ ಬ್ಯಾಡ, ನಾ ಹೇಳ್ತೀನಿ."

ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದು ಕಚ್ಚೂ ಹೇಳಿಕೊಟ್ಟ. ಹೊಟ್ಟೆ ಕೆಳಗೆ ಹೀಗೆ, ಕುತ್ತಿಗೆಯ ಮಡಿಕೆಯಲ್ಲಿ ಹೀಗೆ. ನಾನು ಕಾಲು ಹಿಡಿದಿದ್ದೆ. ಕಲ್ಯಾಣಪ್ಪ ಕೂಗಿದ, ದೇವರ ಹೆಸರೆತ್ತಿದ, ಹಿರಿಯರ ಹೆಸರೆತ್ತಿದ.

ಭೀಮವ್ವ ತಲೆ ಎತ್ತದೆ, "ಬಂದು ಕೈ ಹಿಡಿರಿ ನೋಡೋಣ," ಎಂದಳು. "ಅರ್ಧ ಬೋಳಾದ ಕುರಿ ನಿಮ್ಮ ಹಟ್ಟಿದಾಗೇ ಮಲಗ್ತದ." ಅವನು ಬರಲಿಲ್ಲ. ಎರಡನೆಯ ಕಟ್ಟಳೆ ಅವನ ಕಾಲನ್ನು ಅಲ್ಲೇ ಕಟ್ಟಿಹಾಕಿತ್ತು.

ಗಂಟೆ ಟಗರನ್ನು ಕೊನೆಗೆ ಇಟ್ಟಿದ್ದಳು. ಅದರ ಬಾಲದ ತುದಿಯ ಉಣ್ಣೆ ಕತ್ತರಿಸಿ ಎದ್ದಾಗ ಸೂರ್ಯ ಇನ್ನೂ ಬೇವಿನ ಟೊಂಗೆಯಲ್ಲಿದ್ದ. ಬೋಳು ಟಗರು ಮೈ ಕೊಡವಿಕೊಂಡು, ಗಂಟೆ ಅಲ್ಲಾಡಿಸುತ್ತ ಹಟ್ಟಿಯೊಳಗೆ ಹೋಯಿತು.

ಕಲ್ಯಾಣಪ್ಪ ಸುತ್ತ ನೋಡಿದ. ಬೆಳಗಿನಿಂದ ನಿಂತ ಇಷ್ಟು ಜನರೆದುರು ಇನ್ನೊಂದು ಮೋಸ ಮಾಡುವ ದಾರಿ ಅವನಿಗಿರಲಿಲ್ಲ. ಮನೆಯಿಂದ ವೀಳ್ಯ, ತೆಂಗಿನಕಾಯಿ ತರಿಸಿದ. ತಂದು ಧರ್ಮಣ್ಣನ ಮುಂದೆ ಚಾಚಿದ.

"ಹಿಡಿ, ಧರ್ಮಣ್ಣ. ನಿಂದೇ ಹಕ್ಕು. ಸಾಕಿನ್ನ."

ಧರ್ಮಣ್ಣ ಸರಿಯಿದ್ದ ಕೈಯನ್ನೂ ಮುದುಡಿದ ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. "ಕುರಿ ಕತ್ತರಿಸಿದ್ದು ನಾ ಅಲ್ರಿ," ಎಂದ.

ಕಲ್ಯಾಣಪ್ಪನ ಕೈ ಗಾಳಿಯಲ್ಲೇ ನಿಂತಿತು. ಅವನ ಅಳಿಯ ತನ್ನ ಕತ್ತರಿಯನ್ನು ಮೆಲ್ಲಗೆ ಧೋತರದ ಮಡಿಕೆಯೊಳಗೆ ಸೇರಿಸಿದ. ಕೊನೆಗೆ ಆ ಕೈ ಇಂಚಿಂಚಾಗಿ ತಿರುಗಿ ಭೀಮವ್ವನ ಕಡೆ ಬಂತು. ಯಾರು ಏನು ಕೊಟ್ಟರೂ ಹೆಂಗಸರಾದ ನಾವು ಸೆರಗು ಒಡ್ಡುತ್ತೇವೆ, ಅದು ರೂಢಿ. ಭೀಮವ್ವ ಸೆರಗು ಒಡ್ಡಲಿಲ್ಲ. ಉಣ್ಣೆಯ ಜಿಡ್ಡು ಮೆತ್ತಿದ ಎರಡು ಕೈ ಚಾಚಿ, ಗಂಡಸರು ಹಿಡಿಯುವ ಹಾಗೆ ಹಿಡಿದಳು. ವೀಳ್ಯದೆಲೆಯನ್ನು ಅಲ್ಲೇ ಬಾಯಿಗೆ ಹಾಕಿಕೊಂಡು ಜಗಿದಳು. ನನಗೆ ಕೂಗಿ ಕುಣಿಯಬೇಕೆನಿಸಿತು. ಕುಣಿದೆ ಕೂಡ, ಸ್ವಲ್ಪ.

"ಇನ್ನ ಬಂಡಿ ಕಟ್ರಿ, ಕಲ್ಯಾಣಪ್ಪ," ಎಂದಳು.

"ಯಾಕ?"

"ಬ್ಯಾಟರಿ ಇಳದದ. ಖಾಲಿ ಇಟ್ರ ಕೆಡ್ತದ. ಇವತ್ತೇ ಪೀರಪ್ಪನ ಅಂಗಡಿಗಿ ಹೋಗಬೇಕು."

"ನನ್ನ ಬಂಡಿ?"

"ನಿಮ್ಮ ಕುರಿಗೇ ಇಳದದ್ರಿ. ನಿಮ್ಮ ತಮ್ಮನ ಕುರಿಗೂ."

ಯಾರೋ ಫಕ್ಕನೆ ನಕ್ಕರು. ಈ ಸಲ ಅವಳನ್ನು ನೋಡಿ ಅಲ್ಲ. ಕಲ್ಯಾಣಪ್ಪ ತನ್ನ ಕೈಯಾರೆ ಎತ್ತು ಹೂಡಿದ. ಬ್ಯಾಟರಿಯನ್ನು ಹುಲ್ಲಿನ ಮೇಲೆ ನೆಟ್ಟಗೆ ಕೂರಿಸಿ, ಧರ್ಮಣ್ಣನನ್ನು ಪಕ್ಕಕ್ಕೆ ಹತ್ತಿಸಿಕೊಂಡು ಭೀಮವ್ವ ಮುಂದೆ ಕೂತಳು. ಬಂಡಿ ಊರ ನಡುವಿನ ದಾರಿಗೆ ಬಂದಾಗ ಕಟ್ಟೆಗಳ ಮೇಲಿನ ಜನ ಎದ್ದು ನಿಂತು ನೋಡಿದರು. ಅವಳು ತಲೆಯ ಸೆರಗನ್ನು ಸರಿಪಡಿಸಿಕೊಂಡಳು, ತೂತು ಬಿದ್ದ ಭಾಗ ಹೊರಗೆ ಕಾಣುವ ಹಾಗೆ.